41 ದಿನ ಸಹಿಯಾಗದ ಚೆಕ್

ಚೆಕ್ಕು ಹಾಜರಿ ಪುಸ್ತಕದ ನಡುವೆ ಇತ್ತು. 18,600 ರೂಪಾಯಿಯದು. ಮುಖ್ಯಗುರುಗಳ ಸಹಿ ಬಿದ್ದಿತ್ತು, ಪಕ್ಕದ ಜಾಗ ಖಾಲಿ. ಅವರು ಪುಸ್ತಕ ತೆರೆದು ನನಗೆ ತೋರಿಸಿದರು, ಮತ್ತೆ ಮುಚ್ಚಿದರು, ಮೇಲೆ ಡಸ್ಟರ್ ಇಟ್ಟರು. "ಇವತ್ತಿಗೆ 41 ದಿನ ಆತ್ರಿ ಮೇಡಂ," ಅಂದರು. ಆಮೇಲೆ ಸ್ವಲ್ಪ ಹೊತ್ತು ಮಾತಿಲ್ಲ. ಹೊರಗೆ ಬಿಸಿಯೂಟದ ತಟ್ಟೆಗಳ ಸದ್ದು.

ಇದು 2019ರ ಆಗಸ್ಟ್‌ನ ಮಾತು. ಕೊಪ್ಪಳ ಜಿಲ್ಲೆ, ಕುಷ್ಟಗಿ ತಾಲೂಕಿನ ಒಂದು ಹಳ್ಳಿ. 1ರಿಂದ 7ನೇ ತರಗತಿವರೆಗಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. 261 ಮಕ್ಕಳು, ಆರು ಜನ ಕಾಯಂ ಶಿಕ್ಷಕರು, ಇಬ್ಬರು ಅತಿಥಿ ಶಿಕ್ಷಕರು. ನಾನು ಆಗ ಆ ಭಾಗದಲ್ಲಿ ಎಸ್‌ಡಿಎಂಸಿ ಅನ್ನುವ ಶಾಲಾ ಸಮಿತಿಗಳ ಸದಸ್ಯರಿಗೆ ತರಬೇತಿ ಕೊಡುವ ಕೆಲಸದಲ್ಲಿದ್ದೆ. ಊರಿನ ಹೆಸರು, ಜನರ ಹೆಸರು ಇಲ್ಲಿ ಬರೆಯುವುದಿಲ್ಲ. ಅವರೆಲ್ಲ ಇನ್ನೂ ಅಲ್ಲೇ ಇದ್ದಾರೆ, ಒಬ್ಬರ ಮುಖ ಒಬ್ಬರು ದಿನಾ ನೋಡಬೇಕು.

ಚೆಕ್ಕು ಯಾವುದಕ್ಕೆ? ಶೌಚಾಲಯದ ಬಾಗಿಲಿಗೆ. ಹೆಣ್ಣುಮಕ್ಕಳ ಶೌಚಾಲಯದ ನಾಲ್ಕೂ ಬಾಗಿಲು ತುಕ್ಕು ಹಿಡಿದು ಕೆಳಗಡೆ ತಿಂದುಹೋಗಿದ್ದವು. ಬೇಸಿಗೆ ರಜೆಯಲ್ಲಿ ಮುಖ್ಯಗುರುಗಳು ಕುಷ್ಟಗಿಯ ವೆಲ್ಡಿಂಗ್ ಅಂಗಡಿಯಲ್ಲಿ ಹೊಸ ತಗಡಿನ ಬಾಗಿಲು ಮಾಡಿಸಿದರು. ಪೈಪು, ನಲ್ಲಿ ಬದಲಿಸಿದರು. ಒಂದು ಸಣ್ಣ ಟ್ಯಾಂಕು ಕೂಡಿಸಿದರು. ಅರ್ಧ ದುಡ್ಡು ತಮ್ಮ ಕೈಯಿಂದ, ಅರ್ಧ ಉದ್ರಿ. ಶಾಲೆ ಶುರುವಾಗುವಷ್ಟರಲ್ಲಿ ಕೆಲಸ ಮುಗಿದಿತ್ತು. ಅನುದಾನ ಖಾತೆಗೆ ಬಂದ ಮೇಲೆ ಚೆಕ್ ಬರೆದು ಸಹಿಗೆ ಸಮಿತಿಯ ಅಧ್ಯಕ್ಷರ ಮನೆಗೆ ಕಳಿಸಿದರು. ಕಳಿಸಿದ್ದು ಏಳನೇ ತರಗತಿಯ ಒಬ್ಬ ಹುಡುಗನ ಕೈಯಲ್ಲಿ. ಚೆಕ್ಕು ಹೋದ ಹಾಗೇ ವಾಪಸ್ ಬಂತು.

ಅಧ್ಯಕ್ಷರನ್ನು ಕೇಳಿದೆ. ಅವರ ಉತ್ತರ ಒಂದೇ ಸಾಲು. "ಮಾಡೋವಾಗ ಕೇಳಲಿಲ್ಲ, ರೊಕ್ಕ ಕೊಡೋವಾಗ ಯಾಕ ಕೇಳ್ತಾರ?"

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಎಸ್‌ಡಿಎಂಸಿ ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ನಮ್ಮ ರಾಜ್ಯದಲ್ಲಿ ಅದು ಹುಟ್ಟಿದ್ದು 2001ರ ಸರ್ಕಾರಿ ಆದೇಶದಿಂದ. ವಿಜ್ಞಾನಿ ರಾಜಾ ರಾಮಣ್ಣ ಅವರ ನೇತೃತ್ವದ ಕಾರ್ಯಪಡೆ ಹೇಳಿದ ಮೇಲೆ ಬಂದದ್ದು. ಆಮೇಲೆ 2009ರ ಶಿಕ್ಷಣ ಹಕ್ಕು ಕಾಯ್ದೆ ಇಡೀ ದೇಶದ ಸರ್ಕಾರಿ ಶಾಲೆಗಳಿಗೆ ಇಂಥ ಸಮಿತಿ ಇರಲೇಬೇಕು ಅಂದಿತು. ಅದರ 21ನೇ ಕಲಂ ಪ್ರಕಾರ ಸದಸ್ಯರಲ್ಲಿ ಕನಿಷ್ಠ ಮುಕ್ಕಾಲು ಪಾಲು ಪಾಲಕರಿರಬೇಕು, ಅರ್ಧದಷ್ಟು ಹೆಂಗಸರಿರಬೇಕು. ಶಾಲೆ ಹೇಗೆ ನಡೆಯುತ್ತಿದೆ ಅಂತ ನೋಡುವುದು, ಶಾಲಾಭಿವೃದ್ಧಿ ಯೋಜನೆ ತಯಾರಿಸುವುದು, ಬಂದ ದುಡ್ಡು ಎಲ್ಲಿ ಹೋಯಿತು ಅಂತ ಗಮನಿಸುವುದು ಸಮಿತಿಯ ಕೆಲಸ. ಅಧ್ಯಕ್ಷರು ಪಾಲಕರಲ್ಲೇ ಒಬ್ಬರು. ಮುಖ್ಯಗುರುಗಳು ಸದಸ್ಯ ಕಾರ್ಯದರ್ಶಿ. ಬ್ಯಾಂಕ್ ಖಾತೆ ಇಬ್ಬರದೂ ಜಂಟಿ. ಈ ಶಾಲೆಯಲ್ಲಿ ಪಾಲಕ ಸದಸ್ಯರು 18 ಜನ, ಅದರಲ್ಲಿ ಒಂಬತ್ತು ಹೆಂಗಸರು.

ಓದಿದರೆ ಚೆಂದ ಇದೆ. ಆದರೆ ಖಾಸಗಿ ಶಾಲೆಯ ಆಡಳಿತ ಮಂಡಳಿಗೆ ಇರುವ ಒಂದು ಅಧಿಕಾರ ಇದಕ್ಕಿಲ್ಲ. ಮುಖ್ಯಗುರುವನ್ನು ಈ ಸಮಿತಿ ನೇಮಿಸುವುದಿಲ್ಲ, ಸಂಬಳ ಕೊಡುವುದಿಲ್ಲ, ವರ್ಗ ಮಾಡುವುದಿಲ್ಲ. ಅದೆಲ್ಲ ಇಲಾಖೆಯದು. ಬಿಇಒ, ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿ, ಆಫೀಸಿನಿಂದ ಫೋನ್ ಬಂದರೆ ಮುಖ್ಯಗುರು ಎದ್ದು ನಿಂತು ಮಾತಾಡುತ್ತಾರೆ. ಅಧ್ಯಕ್ಷರ ಫೋನ್ ಬಂದರೆ ಆಮೇಲೆ ಮಾಡಿದರಾಯ್ತು ಅನ್ನುತ್ತಾರೆ. ಹಾಗಾದರೆ ಸಮಿತಿಯ ಕೈಯಲ್ಲಿ ಗಟ್ಟಿಯಾಗಿ ಇರುವುದೇನು? ಒಂದು ಸಹಿ. ಜಗ್ಗುವುದಕ್ಕೆ ಒಂದೇ ಹಗ್ಗ ಇದ್ದರೆ ಅದನ್ನೇ ಜಗ್ಗುತ್ತಾರೆ, ಅಲ್ವಾ? ಅಧ್ಯಕ್ಷರದು ಹಟ ಅಂತ ಶಾಲೆಯಲ್ಲಿ ಎಲ್ಲರೂ ಅಂದರು. ನನಗೆ ಪೂರ್ತಿ ಹಾಗನ್ನಿಸಲಿಲ್ಲ.

ಮುಖ್ಯಗುರುಗಳ ಕಡೆಯಿಂದಲೂ ನೋಡಬೇಕು. ಗಂಗಾವತಿ ಕಡೆಯವರು. ಬಡ್ತಿ ಮೇಲೆ ಹಿಂದಿನ ವರ್ಷ ಬಂದವರು. ಕುಷ್ಟಗಿಯಲ್ಲಿ ಬಾಡಿಗೆ ಮನೆ, ದಿನಾ ಬಸ್ಸು. ಬಂದ ಕೂಡಲೇ ಹಾಲಿನ ಪುಡಿ ಲೆಕ್ಕ, ಅದಾದ ಮೇಲೆ ಅಕ್ಕಿ-ಬೇಳೆ ಲೆಕ್ಕ, ಸ್ಯಾಟ್ಸ್ ಅನ್ನುವ ಇಲಾಖೆಯ ಆನ್‌ಲೈನ್ ದಾಖಲೆಗೆ ಮಕ್ಕಳ ವಿವರ ತುಂಬುವುದು, ಸಮವಸ್ತ್ರ, ಶೂ, ಪುಸ್ತಕ ಹಂಚುವುದು. ಗುಮಾಸ್ತ ಇಲ್ಲ, ಜವಾನ ಇಲ್ಲ. ಇದರ ನಡುವೆ ಏಳನೇ ತರಗತಿಗೆ ಗಣಿತ. "ಶಾಲಿ ಚಾಲೂ ಆಗೋ ದಿನ ಬಾಗ್ಲ ಇಲ್ಲದ ಶೌಚಾಲಯ ತೋರಿಸಿದ್ರ ಹೆಣ್ಣುಹುಡುಗ್ರು ಬರ್ತಿದ್ರೇನ್ರಿ? ಸಭೆ ಕರೆದ್ರ ನಾಲ್ಕು ಮಂದಿ ಕೂಡಲ್ಲ. ಕೋರಂ ಕಾಯ್ಕೋತ ಕೂತಿದ್ರ ಬಾಗ್ಲಾ ಈಗ್ಲೂ ಇರ್ತಿರಲಿಲ್ಲ," ಅಂದರು. ಇದೂ ನಿಜ. ಸಮಗ್ರ ಶಿಕ್ಷಣ ಯೋಜನೆಯಲ್ಲಿ 250ಕ್ಕಿಂತ ಜಾಸ್ತಿ, 1,000ದವರೆಗೆ ಮಕ್ಕಳಿರುವ ಶಾಲೆಗೆ ವರ್ಷಕ್ಕೆ 75,000 ರೂಪಾಯಿವರೆಗೆ ಅನುದಾನ, ಅದರಲ್ಲಿ ಕನಿಷ್ಠ ಶೇ 10 ಸ್ವಚ್ಛತೆಗೆ ಅಂತ ಇದೆ. ಅವರು ನಿಯಮ ಮೀರಿ ಏನೂ ಖರ್ಚು ಮಾಡಿರಲಿಲ್ಲ.

ಅಧ್ಯಕ್ಷರು ಎಂಟು ಎಕರೆ ಖುಷ್ಕಿಯ ರೈತರು. ಒಂದು ಬೋರು, ಸ್ವಲ್ಪ ನೀರು. ಒಂಬತ್ತನೇ ತರಗತಿವರೆಗೆ ಓದಿದ್ದಾರೆ. ಮಗಳು ಇದೇ ಶಾಲೆಯಲ್ಲಿ ಏಳನೇ ತರಗತಿ. ಅನುದಾನದಲ್ಲಿ ಧ್ವಜಕಟ್ಟೆ ಪಕ್ಕ ಒಂದು ರಂಗಮಂಟಪ ಕಟ್ಟಿಸಬೇಕು ಅಂತ ಅವರ ಆಸೆ. ಅದಕ್ಕೆ ತಮ್ಮ ಹೆಸರಿನ ಕಲ್ಲು ಹಾಕಿಸುವ ಆಸೆಯೂ ಇತ್ತು ಅಂತ ಶಿಕ್ಷಕರು ನಗುತ್ತಿದ್ದರು. ಇರಬಹುದು. ಊರಲ್ಲಿ ಹೆಸರಿನ ಕಲ್ಲಿನ ಆಸೆ ಯಾರಿಗಿಲ್ಲ ಹೇಳಿ? ಆದರೆ ಅವರ ಒಂದು ತಪ್ಪು ದೊಡ್ಡದು. ಒಂದು ದಿನ ನೇರ ನಾಲ್ಕನೇ ತರಗತಿಗೆ ಹೋಗಿ, ಫೋನ್ ಹಿಡಿದಿದ್ದ ಅತಿಥಿ ಶಿಕ್ಷಕಿಯನ್ನು ಮಕ್ಕಳ ಎದುರೇ ಬೈದರು. ಆ ಹುಡುಗಿ ಅಳುತ್ತಾ ಹೊರಗೆ ಬಂದಳು. ಅವತ್ತಿನಿಂದ ಮುಖ್ಯಗುರುಗಳು ಅಧ್ಯಕ್ಷರನ್ನು ಶಾಲೆಗೆ ಕರೆಯುವುದನ್ನೇ ಬಿಟ್ಟರು. ಕರೆದರೆ ತಾನೇ ಬರುವುದು ಅನ್ನುವ ಲೆಕ್ಕ.

ನಡಾವಳಿ ಪುಸ್ತಕ ಕೊಡಿ ಅಂದೆ. ಕೊಟ್ಟರು. ನೋಡಿದರೆ ಕಣ್ಣಿಗೆ ಹಬ್ಬ. ತಿಂಗಳು ತಿಂಗಳು ಸಭೆ, ಪ್ರತಿ ಸಭೆಗೂ ಠರಾವು, ಪ್ರತಿ ಠರಾವಿನ ಕೆಳಗೆ 14–15 ಸಹಿ. ಅಕ್ಷರ ಮುತ್ತು ಪೋಣಿಸಿದ ಹಾಗೆ. ನಾನು ಸುಮ್ನೆ ಹಾಳೆ ತಿರುವುತ್ತಾ ಹೋದೆ. ಜೂನ್ ತಿಂಗಳ ಸಭೆಯಲ್ಲಿ ಒಬ್ಬ ತಾಯಿಯ ಹೆಬ್ಬೆಟ್ಟಿತ್ತು. ಆ ತಾಯಿಯ ಸುದ್ದಿ ನನಗೆ ಗೊತ್ತಿತ್ತು. ಯುಗಾದಿ ಮುಗಿದ ಮೇಲೆ ಗಂಡನ ಜೊತೆ ಗುಳೆ ಹೋಗಿ ಬೆಂಗಳೂರಿನಲ್ಲಿ ಕಟ್ಟಡ ಕೆಲಸದಲ್ಲಿದ್ದಳು. ಮಕ್ಕಳು ಇಲ್ಲೇ ಅಜ್ಜಿ ಹತ್ತಿರ.

"ಸರ್, ಇದು ಯಾರ ಹೆಬ್ಬೆಟ್ಟು?"

ಅವರು ಡಸ್ಟರ್ ಸ್ವಲ್ಪ ಸರಿಸಿದರು. "ಅಜ್ಜಿದ್ರಿ," ಅಂದರು.

ದುಡ್ಡು ತಿನ್ನಲು ಮಾಡಿದ್ದಲ್ಲ ಇದು. ಪುಸ್ತಕ ಹುಡುಗನ ಕೈಯಲ್ಲಿ ಮನೆಮನೆಗೆ ಹೋಗುತ್ತದೆ. ಮನೆಯಲ್ಲಿ ಯಾರಿದ್ದರೆ ಅವರು ಒತ್ತುತ್ತಾರೆ. ಸಿಆರ್‌ಪಿ, ಅಂದರೆ ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಇಲಾಖೆಯ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ, ಬಂದಾಗ ಕೇಳುವುದು ಪುಸ್ತಕ. ಸಭೆ ಹೇಗಾಯಿತು, ಯಾರು ಏನಂದರು ಅಂತ ಯಾರೂ ಕೇಳುವುದಿಲ್ಲ. ಹಾಗಾಗಿ ಪುಸ್ತಕ ಸರಿಯಾಗಿತ್ತು. ನಾನು ಆ ವರ್ಷ ನೋಡಿದ ಬೇರೆ ಶಾಲೆಗಳಲ್ಲೂ ಇದೇ ಕಥೆ, ಅಕ್ಷರ ಮಾತ್ರ ಇಷ್ಟು ಚೆಂದ ಇರಲಿಲ್ಲ.

ಇನ್ನು ನನ್ನ ತಪ್ಪಿಗೆ ಬರುತ್ತೇನೆ. ನಾನು ಮಾಡಿದ ಮೊದಲ ಕೆಲಸ ತರಬೇತಿ. ಮುಖ್ಯಗುರುಗಳ ಜವಾಬ್ದಾರಿ ಈ ಕಡೆ, ಸಮಿತಿಯ ಜವಾಬ್ದಾರಿ ಆ ಕಡೆ ಅಂತ ದೊಡ್ಡ ಚಾರ್ಟ್ ಬರೆದು ಗೋಡೆಗೆ ಅಂಟಿಸಿದೆ. ಸಮಿತಿ ದಾರಿ ಹೇಳಬೇಕು, ಮುಖ್ಯಗುರು ಬಂಡಿ ಹೊಡೆಯಬೇಕು, ಒಬ್ಬರ ಬಾರುಕೋಲು ಇನ್ನೊಬ್ಬರು ಕಸಿಯಬಾರದು ಅಂತೆಲ್ಲ ಹೇಳಿದೆ. ಬೆಳಿಗ್ಗೆ 11 ಗಂಟೆಗೆ. ಬಂದವರು ಐದು ಜನ, ಅದರಲ್ಲಿ ಹೆಂಗಸರು ಒಬ್ಬರೇ. ಮುಗಿದ ಮೇಲೆ ಅಧ್ಯಕ್ಷರು ಹತ್ತಿರ ಬಂದು, "ಭಾಳ ಚಲೋ ಹೇಳಿದ್ರಿ ಮೇಡಂ. ಹೇಳಬೇಕಾದವ್ರಿಗೆ ಹೇಳಿದ್ರಿ," ಅಂದು ಹೋದರು. ಹತ್ತು ನಿಮಿಷಕ್ಕೆ ಮುಖ್ಯಗುರುಗಳೂ ಬಂದು ಅದನ್ನೇ ಅಂದರು. ಇಬ್ಬರೂ ಚಾರ್ಟ್‌ನಲ್ಲಿ ಓದಿದ್ದು ಎದುರಿನವರ ಸಾಲನ್ನು ಮಾತ್ರ.

ವಿಷಯ ತಿಳಿದದ್ದು ಅಡುಗೆಮನೆಯಲ್ಲಿ. ಅಡುಗೆಯ ಅಕ್ಕ ಅನ್ನ ಬಡಿಸುತ್ತಾ ಕೇಳಿದಳು. "ಹನ್ನೊಂದಕ್ಕ ಮೀಟಿಂಗ್ ಇಟ್ರ ಯಾರ್ ಬರ್ತಾರ್ರಿ? ಕ್ರಾಸಿಂಗ್ ಹೊತ್ತು ಅದು."

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಕುಷ್ಟಗಿ ಕಡೆ ಹತ್ತಿಯ ಹೈಬ್ರಿಡ್ ಬೀಜ ಮಾಡುವ ಹೊಲಗಳಿವೆ. ಸಂಜೆಗೆ ಹೆಣ್ಣು ಸಾಲಿನ ಮೊಗ್ಗುಗಳನ್ನು ಉಗುರಲ್ಲಿ ಬಿಡಿಸಿ ಗಂಡು ಭಾಗ ತೆಗೆದುಹಾಕುತ್ತಾರೆ. ಮಾರನೇ ದಿನ ಬೆಳಿಗ್ಗೆ ಹೂವು ಅರಳಿದಾಗ ಗಂಡು ಸಾಲಿನ ಹೂವು ತಂದು ಅದಕ್ಕೆ ಮುಟ್ಟಿಸುತ್ತಾರೆ. ಒಂದೊಂದು ಹೂವಿಗೂ ಕೈ ಮುಟ್ಟಬೇಕು. ಇದಕ್ಕೆ ಊರಲ್ಲಿ ಕ್ರಾಸಿಂಗ್ ಅಂತಲೇ ಹೆಸರು. ಆಗಸ್ಟ್‌ನಿಂದ ನವೆಂಬರ್ ತನಕ ಬಿಡುವಿಲ್ಲ. ಗಿಡ ಗಿಡ್ಡ, ಮೊಗ್ಗು ಸಣ್ಣದು. ಸಣ್ಣ ಬೆರಳಿನವರು ಬೇಗ ಮಾಡುತ್ತಾರೆ. ಅಂದರೆ ಮಕ್ಕಳು.

"ಏಳ್ನೇ ಕ್ಲಾಸಿಗೆ ಪುಸ್ತಕದಾಗ 38 ಅಂತ ಬರ್ದಿರ್ತಾರ," ಅಂದಳು ಅಕ್ಕ. "ನಾ 20 ಮಂದಿಗೆ ಅಕ್ಕಿ ಹಾಕ್ತೀನಿ. ಪುಸ್ತಕ ನೋಡಿ ಹಾಕಿದ್ರ ಅನ್ನ ನಾಯಿ ಪಾಲು."

ಐದನೇ ತರಗತಿವರೆಗೆ ಒಂದು ಮಗುವಿಗೆ ದಿನಕ್ಕೆ 100 ಗ್ರಾಂ ಅಕ್ಕಿ, ಆರನೇ ತರಗತಿಯಿಂದ 150 ಗ್ರಾಂ. ಆಕೆಯ ಸೇರು ಸುಳ್ಳು ಹೇಳುವುದಿಲ್ಲ. ಆ ಶಾಲೆಯ ನಿಜವಾದ ಹಾಜರಿ ಪುಸ್ತಕ ಆ ಅಡುಗೆಮನೆಯಲ್ಲಿತ್ತು. ಹೆಡ್‌ಮಾಸ್ತರ ಕೋಣೆಯಲ್ಲಿ ಚೆಕ್ಕಿನ ಜಗಳ ನಡೆದಿದ್ದ ಆ 41 ದಿನದಲ್ಲಿ ಹತ್ತು ಹೆಜ್ಜೆ ಆಚೆ ಏಳನೇ ತರಗತಿ ಅರ್ಧ ಖಾಲಿಯಾಗುತ್ತಿತ್ತು. ಸಮಿತಿಗೂ ಮುಖ್ಯಗುರುಗಳಿಗೂ ಆ ಮಾತು ಒಂದು ಸಲವೂ ಆಗಿರಲಿಲ್ಲ.

ಅಲ್ಲಿಂದ ನನ್ನ ಚಾರ್ಟ್ ಮಡಚಿಟ್ಟೆ. ಸಭೆಯ ಹೊತ್ತು ಬದಲಿಸೋಣ ಅಂತ ಮಾತ್ರ ಇಬ್ಬರಿಗೂ ಕೇಳಿಕೊಂಡೆ. ಅಮಾವಾಸ್ಯೆ ದಿನ ಗಂಡಸರು ಎತ್ತು ಹೂಡುವುದಿಲ್ಲ, ಊರಲ್ಲೇ ಇರುತ್ತಾರೆ. ಹೆಂಗಸರಿಗೆ ಅಮಾವಾಸ್ಯೆಯಾದರೂ ಕ್ರಾಸಿಂಗ್ ತಪ್ಪುವುದಿಲ್ಲ, ಹೂವು ಅಮಾವಾಸ್ಯೆ ನೋಡಿ ಅರಳುವುದನ್ನು ಬಿಡುತ್ತದೆಯೇ? ಆದರೆ ಬೆಳಗಿನ ಕೆಲಸ ಮುಗಿದು ಸಂಜೆಯ ಕೆಲಸ ಶುರುವಾಗುವ ಮುಂಚೆ, ಒಂದೂವರೆಯಿಂದ ಮೂರು ಗಂಟೆವರೆಗೆ, ಅವರಿಗೆ ಬಿಡುವು. ಆ ಲೆಕ್ಕ ಹೇಳಿಕೊಟ್ಟಿದ್ದೂ ಅಡುಗೆಯ ಅಕ್ಕನೇ.

ಬೆನಕನ ಅಮಾವಾಸ್ಯೆ ದಿನ ಮಧ್ಯಾಹ್ನ ಬೇವಿನ ಮರದ ಕೆಳಗೆ 13 ಜನ ಸೇರಿದರು. ಏಳು ಜನ ಹೆಂಗಸರು. ಮುಖ್ಯಗುರುಗಳು ಎರಡು ಸಲ ಎಣಿಸಿದರು. ಉಪಾಧ್ಯಕ್ಷೆ ಸ್ವಸಹಾಯ ಸಂಘದ ಲೆಕ್ಕ ಬರೆಯುವವರು. ಅಲ್ಲಿವರೆಗೆ ಒಂದು ಸಭೆಗೂ ಬಂದಿರಲಿಲ್ಲ, ಪುಸ್ತಕದಲ್ಲಿ ಮಾತ್ರ ಎಲ್ಲದಕ್ಕೂ ಬಂದಿದ್ದರು.

ಮುಖ್ಯಗುರುಗಳು ಬಿಲ್ಲುಗಳನ್ನು ಒಂದೊಂದಾಗಿ ಓದಿದರು. ಬಾಗಿಲಿಗೆ ಇಷ್ಟು, ಪೈಪಿಗೆ ಇಷ್ಟು, ಟ್ಯಾಂಕಿಗೆ ಇಷ್ಟು. ಅಧ್ಯಕ್ಷರು ಕೈಕಟ್ಟಿ ಕೂತಿದ್ದರು. ಓದಿ ಮುಗಿದ ಮೇಲೆ, "ಕಾಗದ ಓದಿದ್ರ ಏನ್ ತಿಳಿತೈತ್ರಿ? ಬಾಗ್ಲಾ ನೋಡೋಣ ನಡ್ರಿ," ಅಂದರು. ಎಲ್ಲರೂ ಎದ್ದರು. 13 ಜನ ಸಾಲಾಗಿ ಶೌಚಾಲಯದ ಕಡೆ ಹೊರಟಿದ್ದನ್ನು ನೋಡಿ ಐದನೇ ತರಗತಿಯ ಮಕ್ಕಳು ಕಿಟಕಿಗೆ ಬಂದವು.

ಬಾಗಿಲು ಗಟ್ಟಿಯಾಗಿದ್ದವು. ನೀಲಿ ಬಣ್ಣ. ಅಧ್ಯಕ್ಷರು ತಟ್ಟಿ ನೋಡಿದರು, ತಗಡು ದಪ್ಪ ಇತ್ತು. ಅವರಿಗೆ ಹೇಳಲು ಏನೂ ಸಿಗಲಿಲ್ಲ ಅನ್ನಿಸಿತು. ಆಗ ಉಪಾಧ್ಯಕ್ಷೆ ಒಳಗೆ ಹೋಗಿ ಬಾಗಿಲು ಎಳೆದುಕೊಂಡರು. ಬಾಗಿಲು ತಾನಾಗಿ ತೆರೆದುಕೊಂಡಿತು. ಮತ್ತೆ ಎಳೆದರು, ಮತ್ತೆ ತೆರೆಯಿತು. ತಲೆ ಹೊರಗೆ ಹಾಕಿ, "ಒಳಗ ಚಿಲಕಾನ ಇಲ್ಲಲ್ರಿ!" ಅಂದರು.

ನಾನೂ ಹೋಗಿ ನೋಡಿದೆ. ನಾಲ್ಕಕ್ಕೂ ಹೊರಗಡೆ ಚಿಲಕ, ಬೀಗ ಹಾಕಲು. ಒಳಗಡೆ ಏನೂ ಇಲ್ಲ. ಮಾಡಿಸಿದವರು ಗಂಡಸರು, ಮಾಡಿದವರು ಗಂಡಸರು, ಕೂಡಿಸಿದವರು ಗಂಡಸರು. ಶಾಲೆ ಶುರುವಾದಾಗಿನಿಂದ ಹುಡುಗಿಯರು ಇಬ್ಬಿಬ್ಬರಾಗಿ ಹೋಗುತ್ತಿದ್ದರಂತೆ, ಒಬ್ಬಳು ಹೊರಗೆ ನಿಂತು ಬಾಗಿಲು ಹಿಡಿದುಕೊಳ್ಳಲು. ಗುರುಮಾತೆಯರಿಗೆ ಗೊತ್ತಿತ್ತು. ಯಾರೂ ಕೇಳಲಿಲ್ಲ, ಅವರು ಹೇಳಲಿಲ್ಲ.

"ನನ್ನ ತಲಿಗೆ ಹೊಳಿಲೇ ಇಲ್ರಿ," ಅಂದರು ಮುಖ್ಯಗುರುಗಳು. ಮುಖ ಸಣ್ಣದಾಗಿತ್ತು.

ಅಧ್ಯಕ್ಷರಿಗೆ ಗೆದ್ದ ಹಾಗಾಯಿತು. "ಅದಕ್ಕ ಅಂದಿದ್ದು ನಾ, ಮೊದ್ಲ ಕೇಳ್ರಿ ಅಂತ."

ಉಪಾಧ್ಯಕ್ಷೆ ಸೆರಗು ಸರಿಮಾಡಿಕೊಳ್ಳುತ್ತಾ ಹೊರಗೆ ಬಂದರು. "ನಿಮ್ಮನ್ನ ಕೇಳಿದ್ರೂ ಚಿಲಕ ಬರ್ತಿರಲಿಲ್ಲ ಅಣ್ಣ. ನಮ್ಮನ್ನ ಕೇಳಬೇಕಿತ್ತು."

ಈ ಒಂದು ಮಾತಿಗೋಸ್ಕರ ನಾನು ಈ ಪ್ರಕರಣ ಬರೆಯುತ್ತಿದ್ದೇನೆ ಅಂದರೂ ತಪ್ಪಿಲ್ಲ. ಅಲ್ಲಿವರೆಗೆ ಎಲ್ಲರೂ, ನಾನೂ ಸೇರಿ, ಇದನ್ನು ಇಬ್ಬರು ಗಂಡಸರ ಮರ್ಯಾದೆಯ ಪ್ರಶ್ನೆ ಅಂದುಕೊಂಡಿದ್ದೆವು. ಅಧ್ಯಕ್ಷರಿಗೆ ಒಂದು ಫೋನ್ ಮಾಡಿದ್ದರೆ ಮುಗಿಯುತ್ತಿತ್ತು ಅಂತ ಸಿಆರ್‌ಪಿಯೂ ಅಂದಿದ್ದರು. ಫೋನ್ ಮಾಡಿದ್ದರೆ ಚೆಕ್ಕಿಗೆ ಸಹಿ ಬೀಳುತ್ತಿತ್ತು, ಅಷ್ಟೇ. ಬಾಗಿಲು ಹಾಗೇ ಇರುತ್ತಿತ್ತು. ಅಧ್ಯಕ್ಷರನ್ನು ಕೇಳಿದರೆ ಸಮಿತಿಯನ್ನು ಕೇಳಿದಂತೆ ಆಗುವುದಿಲ್ಲ. ಸಮಿತಿಯಲ್ಲಿ ಅರ್ಧ ಹೆಂಗಸರಿರಬೇಕು ಅಂತ ಕಾಯ್ದೆ ಬರೆದವರು ಸುಮ್ನೆ ಬರೆದಿಲ್ಲ.

ಚೆಕ್ಕಿಗೆ ಸಹಿ ಅವತ್ತೇ ಬಿತ್ತು. ಚಿಲಕ ಮಾರನೇ ದಿನ ಅಧ್ಯಕ್ಷರೇ ತಂದು ಹಾಕಿಸಿದರು, ತಮ್ಮ ದುಡ್ಡಲ್ಲಿ. ಬಿಲ್ ಕೊಡಿ ಅಂದರೆ ಬೇಡ ಅಂದರು.

ಆ ಸಭೆಯಲ್ಲೇ ಕೆಲವು ಠರಾವು ಬರೆದರು. 2,000 ರೂಪಾಯಿವರೆಗಿನ ಖರ್ಚು ಮುಖ್ಯಗುರುಗಳು ಯಾರನ್ನೂ ಕೇಳದೆ ಮಾಡಬಹುದು, ಮುಂದಿನ ಸಭೆಯಲ್ಲಿ ಬಿಲ್ ತೋರಿಸಬೇಕು. ಅದಕ್ಕಿಂತ ಜಾಸ್ತಿಯದು ಮೊದಲು ಸಭೆಗೆ ಬರಬೇಕು. ಹೆಣ್ಣುಮಕ್ಕಳ ವಿಷಯದ ಕೆಲಸವಾದರೆ ಇಬ್ಬರು ಮಹಿಳಾ ಸದಸ್ಯರು ಹೋಗಿ ನೋಡಬೇಕು. ಶಿಕ್ಷಕರ ಮೇಲೆ ದೂರಿದ್ದರೆ ಸಭೆಯಲ್ಲಿ ಹೇಳಬೇಕು, ತರಗತಿಗೆ ನುಗ್ಗಬಾರದು. ಈ ಕೊನೆಯದಕ್ಕೆ ಅಧ್ಯಕ್ಷರು ಸ್ವಲ್ಪ ಗೊಣಗಿದರು. ಆದರೂ ಸಹಿ ಮಾಡಿದರು. ಪುಸ್ತಕ ಮನೆಮನೆಗೆ ಹೋಗುವುದು ನಿಂತಿತು. ಬಾರದವರ ಹೆಸರಿನ ಮುಂದೆ "ಗೈರು" ಅಂತ ಬರೆಯಲು ಮುಖ್ಯಗುರುಗಳ ಕೈ ಮೊದಲ ಸಲ ನಡುಗಿತು ಅಂತ ಅವರೇ ಆಮೇಲೆ ನಗುತ್ತಾ ಹೇಳಿದರು. ಸಿಆರ್‌ಪಿ ಏನಂದಾರು ಅನ್ನುವ ಹೆದರಿಕೆ. ಸಿಆರ್‌ಪಿ ಏನೂ ಅನ್ನಲಿಲ್ಲ.

ಸೆಪ್ಟೆಂಬರ್‌ನ ಅಮಾವಾಸ್ಯೆ ಮಹಾಲಯ. ಮನೆಮನೆಯಲ್ಲಿ ಹಿರಿಯರಿಗೆ ಎಡೆ ಇಡುವ ದಿನ, ಸಭೆ ಎಲ್ಲಿ ನಡೆಯುತ್ತದೆ? ಅದಕ್ಕೆ ಅದರ ಮುಂಚಿನ ಸೋಮವಾರ ಇಟ್ಟರು. ಬಸವಣ್ಣನ ವಾರ, ಎತ್ತಿಗೆ ಬಿಡುವು. ಅದೇ ತಿಂಗಳು 17ಕ್ಕೆ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ ಅಂತ ಹೆಸರಾಗಿತ್ತು, ಶಾಲೆಯಲ್ಲಿ ಅದರ ಕಾರ್ಯಕ್ರಮದ ತೋರಣ ಇನ್ನೂ ಒಣಗುತ್ತಿತ್ತು.

ಆ ಸೋಮವಾರ ಮುಖ್ಯಗುರುಗಳು ಮಾಡಿದ ಕೆಲಸ ಸಣ್ಣದಲ್ಲ. ಹಾಜರಿ ಪುಸ್ತಕ ಮುಚ್ಚಿಟ್ಟು, ಅಡುಗೆಯ ಅಕ್ಕನ ಲೆಕ್ಕ ಓದಿದರು. "ಇದನ್ನ ನಡಾವಳಿಯಾಗ ಹೆಂಗ ಬರೀಬೇಕು ನನಗ ತಿಳಿವಲ್ದು. ಆದ್ರ ಹೇಳ್ತೀನಿ. ಆರು ಏಳು ಕೂಡಿ 79 ಹುಡುಗ್ರು ಅದಾರ. ಹೋದ ವಾರ ಉಂಡವ್ರು 41." ಇದನ್ನು ಇಲಾಖೆಯ ಸಭೆಯಲ್ಲಿ ಹೇಳಿದರೆ ನೋಟಿಸ್ ಬರಬಹುದು. ಪಾಲಕರ ಎದುರು ಹೇಳಿದರೆ ನಾಳೆ ಊರೆಲ್ಲಾ ಮಾತಾಗುತ್ತದೆ. ಮುಖ್ಯಗುರು ತನ್ನ ಸಮಿತಿಗೆ ಕೆಟ್ಟ ಸುದ್ದಿ ಹೇಳುವುದು ನಾನು ನೋಡಿದ ಮಟ್ಟಿಗೆ ತುಂಬಾ ಅಪರೂಪ. ಒಳ್ಳೆಯದನ್ನೇ ಹೇಳಿ ಹೇಳಿ ಸಮಿತಿಗೆ ಮಾಡಲು ಏನೂ ಕೆಲಸ ಉಳಿಯುವುದಿಲ್ಲ. ಕೆಲಸ ಇಲ್ಲದ ಸಮಿತಿ ಕೊನೆಗೆ ಚೆಕ್ಕಿನ ಹಿಂದೆ ಬೀಳುತ್ತದೆ.

ಮಕ್ಕಳು ಎಲ್ಲಿ ಹೋಗುತ್ತಾರೆ ಅಂತ ಎಲ್ಲರಿಗೂ ಗೊತ್ತಿತ್ತು. ಸ್ವಲ್ಪ ಹೊತ್ತು ಎಲ್ಲರೂ ಬಡತನದ ಮಾತಾಡಿದರು. ಮುಂಗಡ ತಗೊಂಡಿದ್ದಾರೆ, ಮಳೆ ಇಲ್ಲ, ಏನ್ಮಾಡೋದು, ಇತ್ಯಾದಿ. ಆಗ ಹಿಂದೆ ಕೂತಿದ್ದ ಒಬ್ಬ ತಾಯಿ, ಯಾರ ಮುಖವನ್ನೂ ನೋಡದೆ, "ಅಧ್ಯಕ್ಷರ ಹೊಲದಾಗನ ನಾಲ್ಕು ಹುಡುಗ್ರು ಅದಾವ," ಅಂದರು.

ಮರದ ಮೇಲೆ ಕಾಗೆ ಕೂಗಿದ್ದು ಕೂಡ ಕೇಳುವಷ್ಟು ಸುಮ್ಮನಾಯಿತು.

ನಾನು ಮುಖ್ಯಗುರುಗಳ ಕಡೆ ನೋಡಿದೆ. 41 ದಿನ ಸತಾಯಿಸಿದ ಮನುಷ್ಯ ಎದುರಿಗೆ ಸಿಕ್ಕಿಬಿದ್ದಿದ್ದ. ಒಂದು ಮಾತು ಸಾಕಿತ್ತು. ಅವರು ಆಡಲಿಲ್ಲ. ತಲೆ ಬಗ್ಗಿಸಿ ಹಾಳೆ ತಿರುವಿದರು, ಬರೆದಿದ್ದನ್ನೇ ಮತ್ತೆ ಓದಿದರು. ಆ ಇಡೀ ವರ್ಷದಲ್ಲಿ ಅವರು ಮಾಡಿದ ದೊಡ್ಡ ಕೆಲಸ ಆ ಸುಮ್ಮನಿದ್ದದ್ದು ಅಂತ ನನ್ನ ಅನಿಸಿಕೆ.

ಅಧ್ಯಕ್ಷರು, "ನನ್ನ ಮಗಳು ಶಾಲಿ ಬಿಟ್ಟ ಮ್ಯಾಲ ಹೊಲಕ್ಕ ಬರ್ತಾಳ. ಅದಕ್ಕ ಕಾಯ್ದೆ ಐತೇನ್ರಿ?" ಅಂತ ಕೇಳಿದರು. ಕಾಯ್ದೆ ಅದನ್ನು ತಡೆಯುವುದಿಲ್ಲ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿಯಾದ ಮೇಲೆ 14 ವರ್ಷದೊಳಗಿನ ಮಕ್ಕಳನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ, ಆದರೆ ಶಾಲೆ ಬಿಟ್ಟ ಮೇಲೆ, ರಜೆಯಲ್ಲಿ, ಸ್ವಂತ ಮನೆಯವರ ಅಪಾಯವಿಲ್ಲದ ಕೆಲಸಕ್ಕೆ ಕೈಜೋಡಿಸಬಹುದು. ನಾನು ಅದನ್ನೇ ಹೇಳಿದೆ. "ಉಳಿದ ಮೂರು?" ಅಂತ ಉಪಾಧ್ಯಕ್ಷೆ ಕೇಳಿದರು. ಅಧ್ಯಕ್ಷರು ಎದ್ದು ಹೋದರು. ಆ ದಿನದ ನಡಾವಳಿಯಲ್ಲಿ ಅವರ ಸಹಿ ಇಲ್ಲ.

ಅಕ್ಟೋಬರ್ ದಸರಾ ರಜೆಯಲ್ಲಿ ಹೋಯಿತು. ದೀಪಾವಳಿ ಕಳೆದ ಮೇಲೆ ಅಧ್ಯಕ್ಷರು ತಾವಾಗಿ ಶಾಲೆಗೆ ಬಂದರು. ಬೀಜದ ಹೊಲ ಮಾಡಿದ್ದ ಏಳು ಜನರ ಜೊತೆ ಕಟ್ಟೆ ಮೇಲೆ ಮಾತಾಡಿದ್ದಾಗಿ ಹೇಳಿದರು. ಐದು ಜನ ಶಾಲೆಯ ಹೊತ್ತಿನಲ್ಲಿ ಶಾಲೆ ಮಕ್ಕಳನ್ನು ಕರೆಯುವುದಿಲ್ಲ ಅಂತ ಒಪ್ಪಿದ್ದರು. ಇಬ್ಬರು ಒಪ್ಪಿರಲಿಲ್ಲ. ಮುಖ್ಯಗುರುಗಳು ಇದನ್ನು ಮಾಡಲು ಸಾಧ್ಯವೇ ಇರಲಿಲ್ಲ. ಬಸ್ಸಿಗೆ ಬಂದು ಬಸ್ಸಿಗೆ ಹೋಗುವ ಮನುಷ್ಯನ ಮಾತನ್ನು ಆ ಏಳು ಜನ ಯಾಕೆ ಕೇಳುತ್ತಾರೆ? ಹಾಗೇ ಏಳನೇ ತರಗತಿಗೆ ಹಿಂದೆ ಬಿದ್ದ ಪಾಠವನ್ನು ಸಂಜೆ ಒಂದು ಗಂಟೆ ಜಾಸ್ತಿ ಕೂರಿಸಿ ಮುಗಿಸಿಕೊಡುವುದು ಅಧ್ಯಕ್ಷರಿಂದ ಆಗುವ ಕೆಲಸವಲ್ಲ. ಅದನ್ನು ಮುಖ್ಯಗುರುಗಳೂ ಒಬ್ಬ ಗುರುಮಾತೆಯೂ ಮಾಡಿದರು. ನನ್ನ ಚಾರ್ಟ್‌ನಲ್ಲಿ ಬರೆದಿದ್ದೂ ಇದನ್ನೇ. ಯಾಕೋ ಆಗ ಯಾರ ತಲೆಗೂ ಹೋಗಿರಲಿಲ್ಲ, ನನ್ನದೂ ಸೇರಿ.

ನವೆಂಬರ್ ಕೊನೆಗೆ ಆರು, ಏಳರಲ್ಲಿ ಉಣ್ಣುವವರು 60 ದಾಟಿದರು. ಇದರ ಪೂರ್ತಿ ಶ್ರೇಯ ಸಮಿತಿಗೆ ಕೊಟ್ಟರೆ ಸುಳ್ಳಾಗುತ್ತದೆ. ಅಷ್ಟು ಹೊತ್ತಿಗೆ ಕ್ರಾಸಿಂಗ್ ಮುಗಿಯುತ್ತಾ ಬಂದಿತ್ತು. ಮುಂಗಡ ತಗೊಂಡ ಮನೆಯ ಮಕ್ಕಳ ವಿಷಯದಲ್ಲಿ ಸಮಿತಿ ಏನೂ ಮಾಡಲಾಗಲಿಲ್ಲ. ಅದು ಸಭೆಯಲ್ಲಿ ಮೂರು ಸಲ ಬಂತು, ಮೂರು ಸಲವೂ ಹಾಗೇ ಉಳಿಯಿತು. ರಂಗಮಂಟಪ ಕಟ್ಟಲಿಲ್ಲ. ಶಿಕ್ಷಕರ ಕೊರತೆಯ ಬಗ್ಗೆ ಬಿಇಒಗೆ ಬರೆದ ಮನವಿಗೆ ಉತ್ತರ ಬರಲಿಲ್ಲ. ಡಿಸೆಂಬರ್‌ನಲ್ಲಿ ನೀರಿನ ಟ್ಯಾಂಕು ಒಡೆದಾಗ ಇಬ್ಬರೂ ಮತ್ತೆ ಜಗಳಾಡಿದರು, ಜೋರಾಗಿಯೇ. ಆದರೆ ಆ ಜಗಳ ಸಭೆಯಲ್ಲಿ ಆಯಿತು, ಎಲ್ಲರ ಎದುರು, ಮತ್ತು ಯಾವ ಕಂಪನಿ ಟ್ಯಾಂಕು ತರಬೇಕು ಅಂತ ಹೆಂಗಸರು ತೀರ್ಮಾನ ಮಾಡಿದರು.

ಮಾರ್ಚ್ 2020ರಲ್ಲಿ ಶಾಲೆ ಮುಚ್ಚಿತು. ಕೊರೊನಾ. ಆ ವರ್ಷ ಏಳನೇ ತರಗತಿಯ ಮಕ್ಕಳು ಪರೀಕ್ಷೆ ಇಲ್ಲದೆ ಪಾಸಾದರು. ಜೂನ್‌ನಲ್ಲಿ ಅಧ್ಯಕ್ಷರು ನನಗೆ ಫೋನ್ ಮಾಡಿದರು.

"ಮೇಡಂ, ನಮ್ಮ ಮಗಳು ಪಾಸಾದ್ಳು. ನಾ ಫೇಲಾದ್ನಿ."

ಅರ್ಥ ಆಗಲು ಒಂದು ಕ್ಷಣ ಬೇಕಾಯಿತು. ಮಗಳು ಎಂಟನೇ ತರಗತಿಗೆ ಪಕ್ಕದೂರಿನ ಹೈಸ್ಕೂಲಿಗೆ ಹೋಗುತ್ತಾಳೆ. ಮಗು ಶಾಲೆ ಬಿಟ್ಟರೆ ಪಾಲಕರ ಸದಸ್ಯತ್ವವೂ ಮುಗಿಯುತ್ತದೆ, ಅದರ ಜೊತೆ ಅಧ್ಯಕ್ಷಗಿರಿಯೂ. ಅವರು ನಗುತ್ತಿದ್ದರು. ಆಮೇಲೆ ಕೊನೆಯ ಸಹಿಯ ಕಥೆ ಹೇಳಿದರು. ಮೇ ತಿಂಗಳಲ್ಲಿ ಒಂದು ಚೆಕ್ಕಿತ್ತಂತೆ, ಟ್ಯಾಂಕಿನವನಿಗೆ ಕೊಡಬೇಕಾದ ಬಾಕಿ. ಬಸ್ಸಿಲ್ಲದ ಕಾಲ. ಮುಖ್ಯಗುರುಗಳು ಕುಷ್ಟಗಿಯಿಂದ ಯಾರದೋ ಬೈಕ್ ಕೇಳಿಕೊಂಡು, ಮೂಗಿಗೆ ಟವೆಲ್ ಕಟ್ಟಿಕೊಂಡು ಹೊಲಕ್ಕೇ ಬಂದರಂತೆ.

"ಪುಸ್ತಕ ತಂದೀರೇನ್ರಿ ಅಂತ ಕೇಳಿದ್ನಿ."

"ತಂದಿದ್ರಾ?"

"ತಂದಿದ್ರಿ. ಫೆಬ್ರವರಿ ಠರಾವು ತೆಗೆದು ತೋರಿಸಿದ್ರು. ಬೈಕಿನ ಸೀಟ್ ಮ್ಯಾಲ ಇಟ್ಟು ಓದಿದ್ನಿ. ಓದಿ ಸಹಿ ಮಾಡಿದ್ನಿ."